ಎದುರುಮನೆಯವರ ದ್ವೀಪ

ಹಿರಿಯೂರಿನಲ್ಲಿ ನಮ್ಮ ಎದುರುಮನೆಯ ತೆಂಗಿನಕಾಯಿ ವ್ಯಾಪಾರಿ ಸಮುದ್ರ ಕಂಡವರಲ್ಲ. ಆದರೂ ಸ್ಪೇನಿನ ಒಂದು ಪುಟ್ಟ ದ್ವೀಪದ ಫುಟ್‌ಬಾಲ್ ಟೀಮು ಅವರದೇ ಆಗಿಹೋಗಿತ್ತು. ಎದುರಾಳಿಗಳು ಹಡಗು ಹತ್ತಿ ಬರಬೇಕಲ್ಲ, ಅದೇ ಅವರಿಗೆ ಖುಷಿ. "ಇಳಿಯೋವಷ್ಟರಲ್ಲೇ ಅರ್ಧ ಸುಸ್ತಾಗಿರ್ತಾರೆ ಬಿಡ್ರಿ" ಎನ್ನುತ್ತಿದ್ದರು. ಅಷ್ಟಾದರೂ ಟೀಮು ಸೋಲುತ್ತಲೇ ಇತ್ತು, ಕೆಳಕೆಳಗಿನ ಲೀಗಿಗೆ ಇಳಿಯುತ್ತಲೇ ಇತ್ತು. ಇವರು ಮೊಬೈಲನ್ನು ಕಾಯಿರಾಶಿಗೆ ಒರಗಿಸಿ, ಕೈಲಿದ್ದ ಕಾಯಿಯನ್ನು ಬೆರಳಿನಿಂದ ಬಡಿಯುತ್ತಾ, "ಲೇ, ಓಡ್ರಲೇ ಸೋಂಬೇರಿಗಳಾ" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು.

ಕೊನೆಗೆ ಕ್ಲಬ್ಬೇ ಮುಚ್ಚಿಹೋಯಿತು. ನಮ್ಮ ಬೀದಿಯೂ ತಣ್ಣಗಾಯಿತು. ಮರುವರ್ಷ ಆ ದ್ವೀಪದವರು ಅದೇ ಹೆಸರಿನಲ್ಲಿ ಹೊಸ ಕ್ಲಬ್ ಕಟ್ಟಿ, ತೀರಾ ಕೆಳಗಿನ ಲೀಗಿನಿಂದ ಶುರು ಮಾಡಿದರು. ಸುದ್ದಿ ಓದಿದವರೇ ಇವರು ನಾಮಕರಣದ ಮನೆಯವರ ಹಾಗೆ ಎಲ್ಲರಿಗೂ ಕೊಬ್ಬರಿ ಸಕ್ಕರೆ ಹಂಚಿದರು.

ಹೊಸ ಟೀಮಿನ ಮೊದಲ ಪಂದ್ಯವನ್ನು ನಾನೂ ಪಕ್ಕದಲ್ಲಿ ಕೂತು ನೋಡಿದೆ. ಗೋಲಿನ ಮೇಲೆ ಗೋಲು ಬಿಟ್ಟುಕೊಟ್ಟರೂ ಇವರ ಬಾಯಿಂದ ಒಂದು ಬೈಗುಳವಿಲ್ಲ.

"ಯಾಕ್ರೀ, ಇವತ್ತು ಸುಮ್ನೆ ಕುಂತಿದೀರಲ್ಲ?" ಎಂದೆ.

ಅವರು ಪಂಚೆಯ ತುದಿಯಿಂದ ಮೊಬೈಲಿನ ಧೂಳು ಒರೆಸಿದರು.

"ಅಜ್ಜನ ಹೆಸರಿಟ್ಟಿರೋ ಕೂಸು ಕಣ್ರಿ ಇದು. ಹೆಂಗ್ ಬೈಯಾದು?"