ಬೂಶೈಬ್ ಮಾವ ಆರಿಸಿದ ನೆಟ್‌ಬುಕ್

ನಮ್ಮ ಬೂಶೈಬ್ ಮಾವನಿಗೆ ಟಗರು ಆರಿಸುವ ಕಣ್ಣಿತ್ತು. ಬಕ್ರೀದ್ ಹತ್ತಿರ ಬಂತೆಂದರೆ ಕಾಸಾಬ್ಲಾಂಕಾದ ನಮ್ಮ ಬೀದಿಯವರು ಅವನನ್ನು ಮುಂದಿಟ್ಟುಕೊಂಡೇ ಸಂತೆಗೆ ಹೋಗುತ್ತಿದ್ದರು. ಹಲ್ಲು ನೋಡುವನು, ಬೆನ್ನು ಒತ್ತುವನು, ಎತ್ತಿ ತೂಗುವನು. ಕೊನೆಗೆ ‘ಇದು’ ಎಂದನೆಂದರೆ ಎರಡನೇ ಮಾತಿಲ್ಲ. ಹೋದ ವರ್ಷ ಮಾತ್ರ ಎಡವಟ್ಟಾಯಿತು. ಎದುರುಮನೆಗೆ ಅವನು ಆರಿಸಿದ ಭಾರಿ ಟಗರನ್ನು ಯಾವನೋ ಪುಣ್ಯಾತ್ಮ ವ್ಯಾಪಾರಿ ಉಪ್ಪು ತಿನ್ನಿಸಿ, ನೀರು ಕುಡಿಸಿ ಉಬ್ಬಿಸಿದ್ದ. ಮನೆ ಸೇರುವಷ್ಟರಲ್ಲಿ ಅದರ ಅರ್ಧ ತೂಕ ಮೆಟ್ಟಿಲ ಮೇಲೇ ಹರಿದುಹೋಯಿತು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು.

ಈ ವರ್ಷ ಹಬ್ಬ ಬಾಗಿಲಿಗೆ ಬಂದರೂ ಒಂದು ನರಪಿಳ್ಳೆಯೂ ಅವನನ್ನು ಕರೆಯಲಿಲ್ಲ. ಪಾಪ, ದಿನಾ ಟೋಪಿಯುಳ್ಳ ಉದ್ದನೆಯ ಜಲಾಬಾ ನಿಲುವಂಗಿ ತೊಟ್ಟು ಹೊಸಿಲ ಬಳಿ ಕೂತಿರುತ್ತಿದ್ದ. ನನಗೆ ಕರುಳು ಚುರುಕ್ಕೆಂದಿತು. ನೆಟ್‌ಬುಕ್ ಎಂಬ ಪುಟ್ಟ ಲ್ಯಾಪ್‌ಟಾಪು, ಹಳೆಯದೊಂದನ್ನು ಕೊಳ್ಳುವುದಿತ್ತು, ಆರಿಸಿಕೊಡು ಬಾ ಮಾವ ಎಂದೆ. ಪುಕ್ಕಟೆ ಸಿಗುವ, ಮುದಿ ಯಂತ್ರವನ್ನೂ ಓಡಿಸುವ ಲಿನಕ್ಸ್ ತಂತ್ರಾಂಶ ನನ್ನ ಪೆನ್‌ಡ್ರೈವಿನಲ್ಲಿತ್ತು. ಅದಕ್ಕೊಂದು ಅಗ್ಗದ ಮೈ ಬೇಕಿತ್ತು, ಅಷ್ಟೆ. ಮಾವನಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ. ಆದರೂ ಎದೆ ಸೆಟೆಸಿ ಹೊರಟ.

ದರ್ಬ್ ಗಲ್ಲೆಫ್ ಸಂತೆಯಲ್ಲಿ ಹಮ್ಮೂ ಎಂಬವನ ಅಂಗಡಿ. ಮಾವ ಒಂದೊಂದು ನೆಟ್‌ಬುಕ್ಕಿನ ಬಾಯಿ ತೆರೆದು ಕೀಲಿಗಳನ್ನು ಹಲ್ಲು ತಡವಿದಂತೆ ತಡವಿದ, ಕೀಲು ಅಲುಗಿಸಿದ, ಹೊಟ್ಟೆಗೆ ಅಂಗೈ ಇಟ್ಟು ಜ್ವರ ನೋಡಿದ. ಹಮ್ಮೂ ಚಹಾ ಲೋಟ ಹಿಡಿದವನು ಕುಡಿಯುವುದನ್ನೇ ಮರೆತ. ಕೊನೆಗೆ ಅವಳಿಗಳಂತಿದ್ದ ಎರಡು ಉಳಿದವು. ಮಾವ ಎರಡನ್ನೂ ಎತ್ತಿ ನೋಡಿ ಹಗುರವಾದದ್ದನ್ನು ಹಿಡಿದುಕೊಂಡ.

“ಹಾಜಿ, ಅದು ಅಗ್ಗ ಯಾಕೇಂದ್ರೆ...” ಎಂದು ಹಮ್ಮೂ ಶುರುಮಾಡಿದ.

“ಸುಮ್ನಿರಪ್ಪ. ಮಾರೋನ ಮಾತು ಕೇಳಿ ಯಾರಾದ್ರೂ ಕೊಳ್ತಾರಾ? ಭಾರ ಇರೋದ್ರೊಳಗೆ ಬರೀ ನೀರು, ನನಗ್ ಗೊತ್ತಿಲ್ವಾ?” ಎಂದ ಮಾವ.

ನಾನು ಪೆನ್‌ಡ್ರೈವ್ ಚುಚ್ಚಿದೆ. ಲಿನಕ್ಸ್ ಚಕಚಕನೆ ಎದ್ದು ಕೂತಿತು, ಹಾಡಿತು, ಕುಣಿಯಿತು. ನಾನೂ ಕುಣಿಯುವುದೊಂದು ಬಾಕಿ. ದುಡ್ಡು ಕೊಟ್ಟು, ಮಾವನ ತೋಳು ಹಿಡಿದು ಮನೆಗೆ ಬಂದೆ.

ಬಾಗಿಲಲ್ಲೇ ರಕ್ಕಿಯಾ ಅತ್ತೆ ಮದರಂಗಿ ಬಟ್ಟಲು ಹಿಡಿದು ನಿಂತಿದ್ದಳು. ಹಬ್ಬದ ಟಗರಿನ ಹಣೆಗೆ ಹಚ್ಚುವಂತೆ ನೆಟ್‌ಬುಕ್ಕಿನ ನೆತ್ತಿಗೂ ದಪ್ಪಗೆ ಬಳಿದು, ನಾಲಿಗೆ ಹೊರಳಿಸಿ ಉಲುಉಲು ಎಂದು ಹಬ್ಬದ ಕೇಕೆ ಹಾಕಿದಳು. ಕಿಟಕಿಗಳೆಲ್ಲ ತೆರೆದುಕೊಂಡವು. ಮಾವ ಮೀಸೆ ತಿರುವಿದ.

ಆಮೇಲೆ ಲಿನಕ್ಸನ್ನು ಯಂತ್ರದೊಳಗೇ ಇಳಿಸಲು ಕೂತೆ. ಇಳಿಸಲು ಜಾಗವೇ ಇಲ್ಲ! ಒಳಗೆ ಹಾರ್ಡ್‌ಡಿಸ್ಕೇ ಇರಲಿಲ್ಲ. ಅಷ್ಟೊತ್ತು ಕುಣಿದದ್ದೆಲ್ಲ ಪೆನ್‌ಡ್ರೈವಿನಲ್ಲಿದ್ದದ್ದು. ಹಗುರ ಯಾಕೆಂದು ಈಗ ತಿಳಿಯಿತು. ಮಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಮದರಂಗಿ ಹಚ್ಚಿದ್ದನ್ನು ಯಾವ ಮುಖ ಇಟ್ಟುಕೊಂಡು ಹಿಂದಿರುಗಿಸುವುದು ಎಂದು ಅತ್ತೆ ತಲೆ ಚಚ್ಚಿಕೊಂಡಳು. ಹಮ್ಮೂ ನಮಗೆ ಟೋಪಿ ಹಾಕಿದ ಎಂದು ಬೀದಿಯವರಿಗೆ ಹೇಳಿಬಿಡೋಣ, ಮರ್ಯಾದೆಯಾದರೂ ಉಳಿಯುತ್ತದೆ ಎಂದೆ. ಮಾವ ನೆಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟ. ನಾನು ಹಿಂದೆ ಓಡಿದೆ.

ಅಂಗಡಿ ತುಂಬ ಜನ. ಅಷ್ಟೂ ಜನರ ಎದುರಿಗೇ ಮಾವ ಹೇಳಿದ: “ತಪ್ಪು ನಂದೇ ಕಣಪ್ಪ. ನೀನು ಹೇಳೋಕ್ ಬಂದೆ, ನಾನೇ ಬಾಯಿ ಮುಚ್ಚಿಸ್ದೆ. ಡಿಸ್ಕಿಗೆ ಎಷ್ಟಾಗುತ್ತೋ ತಗೋ.”

ನೆತ್ತಿಯ ಮದರಂಗಿ ಕಂಡು ಹಮ್ಮೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾವ ನಗಲಿಲ್ಲ. ಹಮ್ಮೂ ಕಣ್ಣೊರೆಸಿಕೊಂಡು ಯಂತ್ರದ ಬೆನ್ನು ಬಿಚ್ಚಿ ಡಿಸ್ಕ್ ಕೂರಿಸಿದ. ತಿರುಪು ಬಿಗಿಯುತ್ತ, ತಲೆ ಎತ್ತದೆಯೇ ಮಾತಾಡಿದ.

“ವಾಪಸ್ ಬರೋರೆಲ್ಲ ನನ್ನನ್ನೇ ಕಳ್ಳ ಅಂತಾರೆ ಹಾಜಿ. ತಪ್ಪು ನಂದು ಅಂದೋರು ನೀವೊಬ್ರೇ. ನಮ್ಮನೆಗೆ ಟಗರು ಇನ್ನೂ ತಂದಿಲ್ಲ. ನಾಳೆ ಬಂದು ಆರಿಸಿಕೊಡ್ತೀರಾ?”

ಮಾವ ಜಲಾಬಾದ ಟೋಪಿಯನ್ನು ಸುಮ್ಮನೆ ಸರಿಮಾಡಿಕೊಂಡ.

“ಕೊಂಬಿಂದು ಬೇಕಾ, ಬೋಳು ಬೇಕಾ?” ಎಂದು ಕೇಳಿದ.