ಗೇಟಿನ ಹಲಗೆಯ ಇನ್ನಾಸಪ್ಪ ಸಾರ್

ಇನ್ನಾಸಪ್ಪ ಸಾರ್ ಅವರ ಬಲಗೈಯ ಎರಡು ಬೆರಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಸೀಮೆಸುಣ್ಣದ ಬಿಳುಪು. ಚರ್ಚಿನ ಪೂಜೆಯಲ್ಲಿ ಪ್ರಸಾದಕ್ಕೆ ಕೈ ಒಡ್ಡಿದಾಗಲೂ ಅದು ಹೋಗಿರುತ್ತಿರಲಿಲ್ಲ, ಸತ್ತವರ ಮನೆಯಲ್ಲಿ ಕೂತು ಜಪಸರ ಎಣಿಸುವಾಗಲೂ ಹೋಗಿರುತ್ತಿರಲಿಲ್ಲ. ಅವರ ಹೆಂಡತಿ ಬದುಕಿದ್ದಾಗ ತಟ್ಟೆ ಇಡುವ ಮೊದಲು "ಎಲ್ಲಿ, ಕೈ ತೋರ್ಸಿ" ಅನ್ನುತ್ತಿದ್ದರಂತೆ, ಇಸ್ಕೂಲಿಂದ ಬಂದ ಮಗುವಿಗೆ ಹೇಳುವ ಹಾಗೆ.

ತುಮಕೂರಿನ ನಮ್ಮ ಚರ್ಚಿಗೆ ಅವರು ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಮದುವೆಯಾಗುವವರಿಗೆ ಬುದ್ಧಿ ಹೇಳುವುದು, ಫಾದರ್ ಊರಲ್ಲಿ ಇಲ್ಲದಾಗ ಸಾವಿನ ಮನೆಗೆ ಹೋಗಿ ಪ್ರಾರ್ಥನೆ ಮಾಡಿಸುವುದು ಅವರ ಕೆಲಸ. ಆದರೆ ಊರು ಅವರನ್ನು ಗುರುತಿಸುತ್ತಿದ್ದದ್ದು ಗೇಟಿನ ಪಕ್ಕದ ಕಪ್ಪು ಹಲಗೆಯಿಂದ. ನಮ್ಮಲ್ಲಿ ವರ್ಷದ ಪ್ರತಿ ದಿನಕ್ಕೂ ಓದಬೇಕಾದ ಬೈಬಲಿನ ಶುಭಸಂದೇಶದ ಭಾಗ ಇಂಥದ್ದು ಎಂದು ಗೊತ್ತಾಗಿರುತ್ತದೆ. ಸಾರ್ ಬೆಳಿಗ್ಗೆ ಐದೂವರೆಗೆ ಬಂದು ಅದರ ಸಾರವನ್ನು ನಾಲ್ಕು ಸಾಲಲ್ಲಿ, ತಮ್ಮದೇ ಮಾತಲ್ಲಿ ಬರೆಯುತ್ತಿದ್ದರು. ಅದರ ಕೆಳಗೆ ಅಡ್ಡಗೆರೆ. ಗೆರೆಯ ಕೆಳಗೆ "ಇವತ್ತಿನ ಕೆಲಸ".

ಆ ಕೆಲಸಗಳೇ ಒಂದು ಚೆಂದ. ತಪ್ಪಿಹೋದ ಕುರಿಯ ಭಾಗ ಬಂದ ದಿನ, "ಪೂಜೆಗೆ ಬಾರದ ಒಬ್ಬರ ಮನೆಗೆ ಹೋಗಿ, ಪೂಜೆಯ ಮಾತೆತ್ತದೆ ಕಾಫಿ ಕುಡಿದು ಬನ್ನಿ" ಎಂದಿತ್ತು. ಕುರುಡನಿಗೆ ಕಣ್ಣು ಬಂದ ದಿನ, "ದಿನಾ ನೋಡಿಯೂ ನೋಡದ ಹಾಗೆ ದಾಟಿ ಹೋಗುವ ಒಬ್ಬರ ಹೆಸರು ಕೇಳಿಕೊಳ್ಳಿ." ಕೇಳಿದವರಿಗೆ ಅವರು ಹೇಳುತ್ತಿದ್ದದ್ದು ಒಂದೇ: "ಶುಭಸಂದೇಶ ರಾಗಿಮುದ್ದೆ ಇದ್ದಂಗೆ ಕಣಮ್ಮ. ಅಗೀತಾ ಕೂತ್ಕೋಬಾರ್ದು. ನುಂಗ್ಬೇಕು, ಎದ್ದು ಕೆಲ್ಸಕ್ಕೆ ಹೋಗ್ಬೇಕು."

ಗೇಟಿನೆದುರು ಬಾಷಾ ಸಾಬರ ಸೈಕಲ್ ಶಾಪು. ಹಲಗೆಯನ್ನು ನಮ್ಮವರಿಗಿಂತ ಶ್ರದ್ಧೆಯಿಂದ ಓದುತ್ತಿದ್ದವರು ಅವರು. ಒಂದು ಸಲ ಸಾರ್ ಆಟೋದವನ ಮೇಲೆ ಕೂಗಾಡುತ್ತಿದ್ದಾಗ ಬಾಷಾ ಸಾಬರು ಪಂಕ್ಚರ್ ಹಾಕುತ್ತಿದ್ದಲ್ಲಿಂದಲೇ, "ಸಾರ್, ಬೋರ್ಡಲ್ಲಿ ಸಂಜೆಗಂಟ ಯಾರ್ಮೇಲೂ ರೇಗ್ಬೇಡಿ ಅಂತ ಬರ್ದಿದೀರಿ. ಇನ್ನೂ ಎಂಟೂವರೆ" ಅಂದರು. ಸಾರ್ ಬಾಯಿ ಮುಚ್ಚಿ, ಆಟೋದವನಿಗೆ ಕೈಮುಗಿದು ಒಳಗೆ ಹೋದರು. ಮಾರನೆಯ ದಿನ ಪೂಜೆ ಮುಗಿದ ಮೇಲೆ ಆ ಕಥೆಯನ್ನು ತಾವೇ ಎಲ್ಲರಿಗೂ ಹೇಳಿ ನಗಿಸಿದರು. ತಮ್ಮ ತಪ್ಪನ್ನು ಹೇಳಿಕೊಳ್ಳಲು ಅವರಿಗೆ ಎಂದೂ ಸಂಕೋಚ ಇರಲಿಲ್ಲ. ಬೇರೆಯವರ ತಪ್ಪನ್ನೂ ಅಷ್ಟೇ ಸಲೀಸಾಗಿ ಎತ್ತಿಕೊಳ್ಳುತ್ತಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ನಮ್ಮಪ್ಪ ಚೌರಪ್ಪ ಅದೇ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ, ಅಂಗಳ ಗುಡಿಸುತ್ತಿದ್ದ, ಸಮಾಧಿಗೆ ಗುಣಿ ತೆಗೆಯುತ್ತಿದ್ದ. ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ಸಾರ್ ಹಲಗೆ ಬರೆದು ಮುಗಿಸಿದ ಕೂಡಲೇ, ಬೇರೆ ಯಾರೂ ಬರುವ ಮೊದಲು, ಅದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅಪ್ಪ ಪೊರಕೆ ಹಿಡಿದು ನಿಂತು ಕೇಳಿ, "ಸರಿ ಸಾರ್, ಮಾಡಾನ" ಎಂದು ಗಂಟೆ ಹೊಡೆಯಲು ಹೋಗುತ್ತಿದ್ದ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅಮ್ಮ ಊರಾಚೆ ಸತ್ಯಮಂಗಲದ ಕಡೆ ಯಾವುದೋ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಮಾತಾಡಿ ಬಂದಿದ್ದಳು. ಸಾರ್ ಮನೆಗೆ ಬಂದು, "ಹೆಣ್ ಮಗು ಓದ್ಲಿ ಬುಡು ಚೌರಪ್ಪ, ಡಬ್ಬ ಕಟ್ಟೋಕೆ ಬೇಕಾದಷ್ಟ್ ಜನ ಇದಾರೆ" ಅಂದರು. ಕಾಲೇಜಿಗೆ ಅರ್ಜಿ ಕೊಡಲು ನನ್ನ ಜೊತೆ ಸಾಲಿನಲ್ಲಿ ನಿಂತವರು ಅವರು. ಐದು ವರ್ಷದ ಮೇಲೆ ನಾನು ಬಿ.ಎ. ಪಾಸಾದ ದಿನ ಹಲಗೆಯ ಮೇಲೆ ದೊಡ್ಡದಾಗಿ, "ನಮ್ಮ ಧರ್ಮಕೇಂದ್ರದ ಮೊದಲ ಪದವೀಧರೆ, ಚೌರಪ್ಪನ ಮಗಳು ರೀಟಾ" ಎಂದು ಬರೆದರು. ಅಪ್ಪ ಎರಡು ದಿನ ಆ ಸಾಲನ್ನು ಒರೆಸಲು ಬಿಡಲಿಲ್ಲ. ಇದನ್ನು ನಾನು ಜಂಬಕ್ಕೇ ಹೇಳುತ್ತಿದ್ದೇನೆ. ಸುಮ್ಮನೆ ಸಿಕ್ಕಿದ ಡಿಗ್ರಿಯಲ್ಲ ಅದು.

ಬಿ.ಎಡ್. ಆದ ಮೇಲೆ ಗುಬ್ಬಿಯ ಒಂದು ಖಾಸಗಿ ಹೈಸ್ಕೂಲಿನಿಂದ ಸಂದರ್ಶನಕ್ಕೆ ಕರೆ ಬಂತು. ಶುಭ ಶುಕ್ರವಾರಕ್ಕೆ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ. ಬಸ್ಸು ಹತ್ತುವ ಗಡಿಬಿಡಿಯಲ್ಲಿ ಅಸಲು ಅಂಕಪಟ್ಟಿಯ ಕವರು ಮನೆಯಲ್ಲೇ ಉಳಿಯಿತು. ಅಪ್ಪ ಅವತ್ತು ಗುಣಿ ತೆಗೆಯುತ್ತಿದ್ದವನು, ಅಮ್ಮ ಓಡಿಹೋಗಿ ಹೇಳಿದ್ದೇ ತಡ, ಬಾಷಾ ಸಾಬರ ಸೈಕಲ್ ಇಸಕೊಂಡು ಗುಬ್ಬಿವರೆಗೂ ತುಳಿದ. ಬಸ್ಸಿಗೆ ಕಾಯಲು ಅವನಿಗೆ ಧೈರ್ಯ ಸಾಲಲಿಲ್ಲವಂತೆ. ನಾನು ಸ್ಕೂಲಿನ ವರಾಂಡದಲ್ಲಿ ಕಾರ್ಯದರ್ಶಿಗಳ ಮುಂದೆ ನಿಂತಿದ್ದೆ. ಮಂಡಿವರೆಗೆ ಕೆಮ್ಮಣ್ಣು, ಮೈಯೆಲ್ಲ ಬೆವರು, ಎದೆಗೆ ಕವರು ಅವಚಿಕೊಂಡು ಅಪ್ಪ ಮೆಟ್ಟಿಲ ಕೆಳಗೆ ಬಂದು ನಿಂತ. "ಯಾರಮ್ಮ ಅದು?" ಎಂದು ಕಾರ್ಯದರ್ಶಿಗಳು ಕೇಳಿದರು. "ಪಕ್ಕದ ಮನೆಯವರು ಸಾರ್" ಅಂದೆ. ಜವಾನ ಹೋಗಿ ಕವರು ಇಸಕೊಂಡ. ಅಪ್ಪ ತಿರುಗಿ ಹೋದ. ಅವನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕೆಲಸ ಸಿಕ್ಕಿತು.

ಎರಡು ದಿನ ಊಟ ಸೇರಲಿಲ್ಲ. ಸೋಮವಾರ ಸಂಜೆ ಚರ್ಚಿನ ಹಿಂದೆ, ಮಾತೆಯ ಪ್ರತಿಮೆ ಇಟ್ಟ ಗವಿಯ ಕಟ್ಟೆಯ ಮೇಲೆ ಕೂತು ಇನ್ನಾಸಪ್ಪ ಸಾರ್ ಹತ್ತಿರ ಎಲ್ಲ ಹೇಳಿ ಅತ್ತೆ. ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಅಪ್ಪನ ಕಾಲು ಹಿಡಿದು ನಾನೇ ಹೇಳುತ್ತೇನೆ, ಅಲ್ಲಿವರೆಗೆ ಯಾರಿಗೂ ಗೊತ್ತಾಗಬಾರದು ಎಂದೆ. ಅವರು ತಲೆಯ ಮೇಲೆ ಕೈಯಿಟ್ಟು, "ನನ್ ಹತ್ರ ಹೇಳಿದ್ದು ಬಾವಿಗ್ ಬಿದ್ದಂಗೆ ಕಣಮ್ಮ" ಅಂದರು. ಮನೆಗೆ ಹೋಗಿ ನೋಡಿದರೆ ಕೂದಲಲ್ಲಿ ಸೀಮೆಸುಣ್ಣದ ಪುಡಿ ಇತ್ತು.

ಮಂಗಳವಾರ ಬೆಳಿಗ್ಗೆ ಪೂಜೆಗೆ ಹೊರಟವಳನ್ನು ಬಾಷಾ ಸಾಬರು ಶಾಪಿನಿಂದ ಇಳಿದು ಬಂದು ತಡೆದರು. ನನ್ನ ಮುಖ ನೋಡದೆ, "ರೀಟಮ್ಮ, ಇವತ್ತು ಹಿಂದಿನ್ ಗೇಟಲ್ಲಿ ಹೋಗಮ್ಮ" ಅಂದರು. ನಾನು ಮುಂದಿನ ಗೇಟಿಗೇ ಹೋದೆ.

ಕೋಳಿ ಕೂಗುವ ಮುಂಚೆ ಶಿಷ್ಯ ಪೇತ್ರ ತನ್ನ ಗುರುವನ್ನೇ ಅರಿಯೆ ಎನ್ನುತ್ತಾನೆಂದು ಯೇಸು ಮೊದಲೇ ಹೇಳುವ ಭಾಗ ಅವತ್ತಿನದು. ಆಮೇಲೆ ಕೋಳಿ ಕೂಗಿದಾಗ ಪೇತ್ರ ಅತ್ತದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಲಗೆಯ ಮೇಲೆ ಹೀಗಿತ್ತು: "ಪೇತ್ರ ಅರಿಯೆನೆಂದದ್ದು ಕತ್ತಲಲ್ಲಿ. ನಮ್ಮಲ್ಲೊಬ್ಬಳು ಪದವೀಧರೆ, ನಡು ಹಗಲಲ್ಲಿ, ಬಿಸಿಲಲ್ಲಿ ಸೈಕಲ್ ತುಳಿದು ಬಂದ ತಂದೆಯನ್ನು ಪಕ್ಕದ ಮನೆಯವನೆಂದಳು. ಯಾವ ಕೋಳಿಯೂ ಕೂಗಲಿಲ್ಲ. ಆದರೂ ಅತ್ತಳು." ಗೆರೆಯ ಕೆಳಗೆ: "ಇವತ್ತಿನ ಕೆಲಸ: ನಿಮ್ಮ ತಂದೆ ಯಾರೆಂದು ಒಬ್ಬರ ಮುಂದೆ ಗಟ್ಟಿಯಾಗಿ ಹೇಳಿ."

ಇಷ್ಟು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಅದರಲ್ಲಿ ಒಂದು ಪದ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ.

ಪೂಜೆ ಮುಗಿದ ಮೇಲೆ ಅವರನ್ನು ಹಿಡಿದೆ. ಅವರಿಗೆ ನಿಜವಾಗಿ ಆಶ್ಚರ್ಯ. "ನಿನ್ನ ಹೆಸ್ರೆಲ್ಲಿ ಬರ್ದಿದೀನಮ್ಮ?"

"ಪದವೀಧರೆ ಅಂತ ಬರ್ದಿದೀರಲ್ಲ ಸಾರ್. ಇನ್ನೊಬ್ಳನ್ನ ತೋರ್ಸಿ ನಮ್ಮ ಚರ್ಚಲ್ಲಿ."

ಅವರು ಹಲಗೆಯ ಕಡೆ ತಿರುಗಿ ನೋಡಿದರು. ಒಂದು ಗಳಿಗೆ ತುಟಿ ಅಲ್ಲಾಡಿತು. ಆಮೇಲೆ, ನಾಲ್ಕು ಜನಕ್ಕೆ ಬುದ್ಧಿ ಬರಲಿ ಅಂತ ಬರೆದೆ, ಉದಾಹರಣೆ ಇಲ್ಲದೆ ಶುಭಸಂದೇಶ ಯಾರ ಮೈಗೂ ಹತ್ತುವುದಿಲ್ಲ ಅಂದರು. ಶುಕ್ರವಾರ ನಾನು ಅಪ್ಪನಿಗೆ ಹೇಳಲಿಲ್ಲ. ಊರೆಲ್ಲ ಓದಿದ್ದನ್ನು ಹೊಸದಾಗಿ ಹೇಳುವುದಕ್ಕೆ ನನ್ನ ಹತ್ತಿರ ಏನು ಉಳಿದಿತ್ತು? ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಅದನ್ನು ಹೇಳಿಕೊಳ್ಳುವ ಬಾಯಿಯೂ ನನ್ನದಾಗಿತ್ತು. ಅದನ್ನು ಅವರು ಕಿತ್ತುಕೊಂಡರು.

ಅಪ್ಪ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಗುಬ್ಬಿಯಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ಒಂದು ದಿನವೂ ಆ ಸ್ಕೂಲಿನ ಕಡೆ ಬರಲಿಲ್ಲ. ಕರೆದರೆ, "ಅಲ್ಲಿ ನಂಗೇನ್ ಕೆಲ್ಸ ಬುಡವ್ವ" ಅನ್ನುತ್ತಿದ್ದ. ಅವನು ತೀರಿಕೊಂಡಾಗ ಗುಣಿ ತೆಗೆದವರು ಬೇರೆಯವರು. ಆಗ ಇನ್ನಾಸಪ್ಪ ಸಾರ್ ಕೆಲಸ ಬಿಟ್ಟು ಕುಣಿಗಲ್ಲಿನಲ್ಲಿ ತಂಗಿಯ ಮಗಳ ಮನೆ ಸೇರಿದ್ದರು. ಗೇಟಿನ ಹಲಗೆ ಹೋಗಿ, ದಿನದಿನದ ಶುಭಸಂದೇಶವೂ ಕೆಲಸವೂ ಅಚ್ಚಾದ ಮಡಿಕೆ ಹಾಳೆ ಎಲ್ಲ ಚರ್ಚಿಗೂ ಬಂದಿತ್ತು.

ಅಪ್ಪ ಹೋದ ಮರುವರ್ಷ ಕುಣಿಗಲ್ಲಿಗೆ ಹೋದೆ. ಕ್ಷಮಿಸಲು ಹೋದವಳಲ್ಲ. ಒಂದು ಮಾತು ಕೇಳಬೇಕಿತ್ತು. ಸಾರ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎರಡೂ ಕಣ್ಣು ಹೋಗಿದ್ದವು. ದನಿಯಲ್ಲೇ ಗುರುತು ಹಿಡಿದು ಕೈ ಚಾಚಿದರು. ಬೆರಳು ಶುಭ್ರವಾಗಿದ್ದವು, ಯಾರದೋ ಬೆರಳಿನ ಹಾಗೆ.

ಆ ಮಂಗಳವಾರವೂ ಅಪ್ಪನಿಗೆ ಓದಿ ಹೇಳಿದಿರಾ ಎಂದು ಕೇಳಿದೆ. ಯಾವ ಮಂಗಳವಾರ ಎಂದು ಅವರು ಕೇಳಲಿಲ್ಲ.

"ಓದ್ದೆ ಕಣಮ್ಮ. ದಿನಾ ಓದೋ ಹಂಗೇ. ಪೂರ್ತಿ ಕೇಳ್ದ. ಕೇಳಿ, 'ಆ ಮಗೀಂದು ತಪ್ಪಿಲ್ಲ ಸಾರ್, ಯಾರಾದ್ರೂ ಕೇಳುದ್ರೆ ಹಂಗನ್ನು ಅಂತ ನಾನೇ ಹೇಳ್ಕೊಟ್ಟಿದ್ದೆ, ಒರಸ್ಬುಡಿ' ಅಂದ."

ಅಪ್ಪ ನನಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ಜನ್ಮದಲ್ಲಿ ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಮತ್ತೆ ಯಾಕೆ ಒರಸ್ಲಿಲ್ಲ ಸಾರ್?"

ಬುದ್ಧಿ, ಉದಾಹರಣೆ ಎಂದು ಮತ್ತೆ ಏನಾದರೂ ಹೇಳುತ್ತಾರೆ ಅಂದುಕೊಂಡೆ. "ಅವತ್ತು ಬರ್ದಿದ್ದು ಬೋ ಚೆನ್ನಾಗ್ ಬಂದಿತ್ತಮ್ಮ" ಅಂದರು. "ಕೈ ಬರ್ಲಿಲ್ಲ."

ಒಳಗೆ ತಂಗಿಯ ಮಗಳು ಕಾಫಿ ಲೋಟ ತೊಳೆಯುತ್ತಿದ್ದಳು. ಎದ್ದು ನಿಂತೆ. ಸಾರ್ ಕುರ್ಚಿಯ ತೋಳು ತಡವಿ, ಚರ್ಚಿನ ಹಾಳೆ ಅಲ್ಲೇ ಎಲ್ಲೋ ಇರಬೇಕು, ಮನೆಯಲ್ಲಿ ಓದುವವರಿಗೆ ಪುರುಸೊತ್ತಿಲ್ಲ, ಇವತ್ತಿನದು ಓದಿ ಹೇಳುತ್ತೀಯಾ ಎಂದರು. ಹಾಳೆ ತೆಗೆದುಕೊಂಡು ಶುಭಸಂದೇಶದ ಭಾಗವನ್ನು ನಿಧಾನವಾಗಿ ಓದಿದೆ. ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಯೇಸುವನ್ನು ಕೇಳುವ ಭಾಗ ಅವತ್ತಿನದು. ಅಪ್ಪ ಪೊರಕೆ ಹಿಡಿದು ನಿಂತು ಕೇಳುತ್ತಿದ್ದ ಹಾಗೆ ಅವರು ತಲೆ ಓರೆ ಮಾಡಿ ಕೇಳಿದರು.

"ಕೆಳಗಿಂದಮ್ಮ? ಇವತ್ತಿನ ಕೆಲ್ಸ?"

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡೆ. ಕೆಳಗೆ ಏನೂ ಬರೆದಿಲ್ಲ ಸಾರ್ ಅಂದೆ.

ಬರೆದಿತ್ತು. ಕುಣಿಗಲ್ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಓದಿಕೊಂಡೆ. ಅದಾದ ಮೂರು ತಿಂಗಳಿಗೆ ಇನ್ನಾಸಪ್ಪ ಸಾರ್ ಹೋದರು. ಅವತ್ತಿನ ಕೆಲಸವನ್ನು ನಾನು ಇನ್ನೂ ಮಾಡಿಲ್ಲ.