ಟೈಪಿಂಗ್ ಮೇಡಂ ಮತ್ತು ಏಳದ ಕಂಪ್ಯೂಟರ್

ಕಾಫಿ ಲೋಟ ಹಿಡಿದಾಗಲೂ ಮೇಡಂ ಅವರ ಕಿರುಬೆರಳು ಎದ್ದೇ ಇರುತ್ತಿತ್ತು. ಅಷ್ಟು ವರ್ಷ ಶಿಫ್ಟ್ ಕೀ ಒತ್ತಿ ಒತ್ತಿ ಅದಕ್ಕೆ ಮಡಚಿಕೊಳ್ಳುವುದೇ ಮರೆತುಹೋಗಿತ್ತು. ಯಶವಂತಪುರದ ಮಾರುಕಟ್ಟೆ ಹಿಂದಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಪಿಯುಸಿ ಮುಗಿಸಿ ನಾನು ಬೆರಳು ಪಳಗಿಸಿಕೊಂಡದ್ದು ಅಲ್ಲೇ. ವಕೀಲನಾದ ಮೇಲೂ ಆಗಾಗ ಮೆಟ್ಟಿಲು ಹತ್ತಿ ಅವರಿಂದ ಬೈಸಿಕೊಂಡು ಬರುತ್ತಿದ್ದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಅವರು ಮತ್ತೆ ಒಳಗೆ ಸೇರಿಸುತ್ತಿರಲಿಲ್ಲ. ಇಡೀ ದಿನ ಪುಸ್ತಕ ನೋಡಿ ಟೈಪ್ ಮಾಡಿಸುವವರಿಗೆ ನಕಲಿನ ಮೇಲೆ ಅಷ್ಟೊಂದು ಕೋಪ ಯಾಕೋ, ನನಗಂತೂ ಅರ್ಥವಾಗಿರಲಿಲ್ಲ.

ಟೈಪ್‌ರೈಟರುಗಳನ್ನು ಮೂಲೆಗೆ ಸರಿಸಿ ಅವರು ಒಂದೇ ಮಾದರಿಯ ಎರಡು ಕಂಪ್ಯೂಟರ್ ಕೊಂಡಿದ್ದರು. ಸಂಜೆ ಬ್ಯಾಚಿಗೆ ಗೊರಗುಂಟೆಪಾಳ್ಯದ ಕಡೆಯಿಂದ ಗಾರ್ಮೆಂಟ್ಸ್ ಹೆಂಗಸರು ಬರುತ್ತಿದ್ದರು. ಹೊಲಿಗೆ ಮಿಷನ್ ಬಿಟ್ಟು ಆಫೀಸು ಸೇರಬೇಕೆಂಬ ಆಸೆ ಅವರದು.

ಒಂದು ಆಯುಧಪೂಜೆಯ ಬೆಳಿಗ್ಗೆ ರಿಪೇರಿಯವನು ಒಂದು ಕಂಪ್ಯೂಟರಿಗೆ ಹೊಸ ಫರ್ಮ್‌ವೇರ್ ತುಂಬಲು ಹಚ್ಚಿ ಕಾಫಿಗೆ ಹೋಗಿದ್ದ. ಕಂಪ್ಯೂಟರಿಗೆ ಎದ್ದು ನಿಲ್ಲುವುದನ್ನು ಹೇಳಿಕೊಡುವ, ಚಿಪ್ಪಿನೊಳಗಿನ ಬರಹ ಅದು. ಪೂಜೆಯ ಹೊತ್ತಿಗೆ ಯಾವ ಯಂತ್ರವೂ ದುಡಿಯಬಾರದೆಂದು ಮೇಡಂ ಮೇನ್ ಸ್ವಿಚ್ಚನ್ನೇ ಆರಿಸಿದರು. ಕುಂಕುಮ ಇಟ್ಟು, ಮಂಗಳಾರತಿ ಮಾಡಿ, ಕುಂಬಳಕಾಯಿ ಒಡೆದು ಮತ್ತೆ ಸ್ವಿಚ್ ಹಾಕಿದರೆ, ಬರಹ ಅರ್ಧಕ್ಕೇ ನಿಂತಿದ್ದ ಆ ಕಂಪ್ಯೂಟರ್ ಏಳಲೇ ಇಲ್ಲ.

"ಕಂಪನಿಯವ್ರು ಬೋರ್ಡೇ ಬದಲಾಯ್ಸಿ ಅಂತಾರೆ ಮೇಡಂ. ಪಕ್ಕದ್ ಕಂಪ್ಯೂಟರಿನ ಚಿಪ್ಪಲ್ಲಿರೋದನ್ನ ಕಾಪಿ ಮಾಡಿ ಇದಕ್ಕೆ ಹಾಕ್ಬಿಡ್ತೀನಿ ಬಿಡಿ," ಎಂದ ರಿಪೇರಿಯವನು.

ಕಾಪಿ ಎಂದದ್ದೇ ತಡ, ಮೇಡಂ ಅವನನ್ನು ಕಳಿಸಿ ನನಗೆ ಫೋನ್ ಮಾಡಿದರು.

"ಲಾಯರ್ ಸಾಹೇಬ್ರೇ, ಎರಡು ಕಂಪ್ಯೂಟರೂ ನಂದೇ. ಒಳಗಿರೋ ಬರಹ ಯಾರದು?"

"ಕಂಪನಿದು ಮೇಡಂ. ನಿಮಗೆ ಬಳಸೋ ಹಕ್ಕಿದೆ."

"ಹಂಗಾದ್ರೆ ಕಾಪಿ ಮಾಡ್ಬಾರ್ದು."

"ಮಾಡ್ಬಹುದು ಅನ್ಸುತ್ತೆ."

"ನಿನಗೆ ಅನ್ಸಿದ್ದೆಲ್ಲ ಕಾನೂನೇನೋ?"

ಕೃತಿಸ್ವಾಮ್ಯದ ಕಾಯ್ದೆ ತೆಗೆದೆ. ನ್ಯಾಯವಾಗಿ ಪಡೆದ ಪ್ರತಿಯಿಂದ, ಅದನ್ನು ಯಾವ ಕೆಲಸಕ್ಕೆ ಕೊಟ್ಟಿದ್ದಾರೋ ಆ ಕೆಲಸಕ್ಕಾಗಿ, ನಕಲು ಮಾಡಿಕೊಳ್ಳಬಹುದು ಎಂದಿತ್ತು. ಜಂಬದಿಂದ ಓದಿ ಹೇಳಿದೆ.

"ಯಾವ ಪ್ರತಿಯಿಂದ? ಇದರದ್ದು ಹಾಳಾಗಿದೆ. ಪಕ್ಕದ್ ಕಂಪ್ಯೂಟರಲ್ಲಿರೋದನ್ನ ಅದಕ್ಕೆ ಅಂತ ಕೊಟ್ಟಿರೋದು. ಇದಕ್ಕೆ ಹೆಂಗೋ ಹಾಕೋದು?"

ಮತ್ತೆ ಓದಿದೆ. ಓದಿದಷ್ಟೂ ತಲೆ ಕೆಟ್ಟಿತು. ಹಿರಿಯ ವಕೀಲರೊಬ್ಬರು ಧಾರಾಳವಾಗಿ ಮಾಡಿ ಎಂದರು. ಇನ್ನೊಬ್ಬರು, ಕಂಪ್ಯೂಟರ್ ಜೊತೆ ಬಂದ ಕರಾರು ಓದಿದ್ದೀರಾ ಎಂದರು. ಅದನ್ನೂ ಓದಿ ಇದ್ದ ಧೈರ್ಯವನ್ನೂ ಕಳೆದುಕೊಂಡೆ.

ಅಷ್ಟರಲ್ಲಿ ಸಂಜೆ ಬ್ಯಾಚು ಕರಗತೊಡಗಿತು. ಉಳಿದ ಒಂದೇ ಕಂಪ್ಯೂಟರಿಗೆ ಸರದಿ ಕಾಯುತ್ತಾ ಹೆಂಗಸರು ತೂಕಡಿಸುತ್ತಿದ್ದರು. ಒಬ್ಬರು, "ನಾಳೆಯಿಂದ ಬರಲ್ಲ ಮೇಡಂ, ಓವರ್‌ಟೈಮಾದ್ರೂ ಮಾಡ್ತೀನಿ," ಎಂದುಬಿಟ್ಟರು. ಮಾರನೆಯ ದಿನವೇ ಮೇಡಂ ರಿಪೇರಿಯವನ ಜೊತೆ ನನ್ನನ್ನೂ ಕರೆಸಿದರು. ಅವನು ನಕಲು ಮಾಡುವಷ್ಟು ಹೊತ್ತೂ ಪರೀಕ್ಷಾ ಕೊಠಡಿಯಲ್ಲಿ ನಿಲ್ಲುವಂತೆ ಅವನ ಬೆನ್ನ ಹಿಂದೆಯೇ ನಿಂತಿದ್ದರು. ಕಂಪ್ಯೂಟರ್ ಎದ್ದಿತು. ಆದರೆ ಪಕ್ಕದ ಕಂಪ್ಯೂಟರಿನ ಸೀರಿಯಲ್ ನಂಬರನ್ನೇ ತನ್ನದೆಂದು ತೋರಿಸಿತು.

"ನೋಡು, ರಿಜಿಸ್ಟರ್ ನಂಬರ್ ಸಮೇತ ಕಾಪಿ ಹೊಡೆದಿದೆ!" ಎಂದು ನನ್ನನ್ನೇ ಗದರಿದರು. ಗದರಿದವರೇ ಆ ಹೆಂಗಸಿಗೆ ಫೋನ್ ಮಾಡಿ, "ನಾಳೆ ಬಾರಮ್ಮ, ಕಂಪ್ಯೂಟರ್ ಎದ್ದಿದೆ," ಎಂದರು.

ಕೊನೆಯ ಸಲ ಮೇಡಂ ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಸಣ್ಣ ದನಿಯಲ್ಲಿ, "ಅದು ತಪ್ಪಾ, ಸರಿನಾ?" ಎಂದು ಕೇಳಿದರು. ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ. ಸರಿ ಎಂದು ಸಮಾಧಾನ ಹೇಳಬಹುದಿತ್ತು, ಆದರೆ ಅವರೆದುರು ಬಾಯಿ ಬರಲಿಲ್ಲ.

"ಇನ್ನೂ ಗೊತ್ತಾಗಿಲ್ಲ ಮೇಡಂ."

"ಹಂಗಾದ್ರೆ ಇನ್ನೂ ಓದು."

ಹೊದಿಕೆಯ ಮೇಲೆ ಕಿರುಬೆರಳು ಎದ್ದೇ ಇತ್ತು. ಆ ವಾರವೇ ಹೋಗಿಬಿಟ್ಟರು. ಈಗಲೂ ಮೆಟ್ಟಿಲು ಹತ್ತಿ ಬೈಸಿಕೊಂಡು ಬರಬೇಕೆನಿಸುತ್ತದೆ.

ಬರಲ್ಲ ಎಂದಿದ್ದ ಆ ಹೆಂಗಸು ಈಗ ನನ್ನ ಆಫೀಸಿನ ಟೈಪಿಸ್ಟ್. ಈ ಬರಹವನ್ನೂ ಅವರೇ ಟೈಪ್ ಮಾಡಿದ್ದು. ಮೇಡಂ ಕೇಳಿದ ಪ್ರಶ್ನೆಯ ಹತ್ತಿರ ಕೈ ನಿಲ್ಲಿಸಿ, "ಉತ್ತರ ಎಲ್ಲಿ ಸಾರ್?" ಎಂದರು.

ಸ್ವಲ್ಪ ಜಾಗ ಬಿಟ್ಟಿಡಿ ಎಂದೆ.